ಇನೆ ತೆರೆಯದ ಜಾಡಿ

ಗಂಡನ ಅಂತ್ಯಕ್ರಿಯೆ ಮುಗಿದ ಮೂರನೆಯ ದಿನ ಇನೆ ತನ್ನ ಅಂಗಳದಲ್ಲಿ ಚಾಪೆ ಹಾಸಿ, ಚಹಾ ಒಲೆಯ ಬೂದಿಯನ್ನು ಬಿಸಿಲಿಗೆ ಹರವಿದಳು. ಜುಲೈ ತಿಂಗಳ ಕೊನೆ, ನಮ್ಮಲ್ಲಿ ಸುಡುಬೇಸಿಗೆ. ಬಾಗಿಲಿಗೆ ಅಂಟಿಸಿದ್ದ ಸೂತಕದ ಕಾಗದವನ್ನು ಇನ್ನೂ ತೆಗೆದಿರಲಿಲ್ಲ. ನಮ್ಮ ಬೀದಿಯ ಬಾಯಿಗಳಿಗೆ ಅಷ್ಟು ಸಾಕಾಯಿತು.

"ಒಂದು ಹನಿ ಕಣ್ಣೀರಿಲ್ಲ ಕಣ್ರೀ. ಕಲ್ಲು ಅದು, ಕಲ್ಲು," ಎಂದಳು ಸರೋವರದ ಚಿಪ್ಪುಮೀನು ಮಾರುವ ಹೆಂಗಸು.

"ನಲವತ್ತು ವರ್ಷ ಜೊತೇಲಿದ್ದ ಗಂಡ. ನಲವತ್ತೊಂಬತ್ತನೇ ದಿನದ ಪೂಜೆ ಆಗೋವರೆಗಾದ್ರೂ ಸುಮ್ನೆ ಕೂರಬಾರ್ದಾ?" ಎಂದಳು ಅವಳ ಪಕ್ಕದಲ್ಲಿದ್ದವಳು.

ನಾನೂ ಹೌದೌದು ಎಂದು ತಲೆಯಾಡಿಸಿದೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ಮುಂದೆ ನಾನು ಬರೆಯುವುದನ್ನು ಓದಿ, ಇವಳು ಮೊದಲಿನಿಂದಲೂ ಇನೆಯ ಪರವಾಗಿದ್ದವಳು ಎಂದು ಯಾರಾದರೂ ತಿಳಿದುಕೊಂಡಾರು. ನಾನು ಹಾಗಿರಲಿಲ್ಲ.

ಇನೆ ನಮ್ಮ ಮಾತ್ಸುಯೆ ಊರಿನಲ್ಲಿ ಚಹಾವಿಧಿ ಕಲಿಸುವ ಹಿರಿಯ ಹೆಂಗಸು ಕದೊವಾಕಿ ಗುರುಗಳ ಮನೆಯ ಮಿಜುಯಾದಲ್ಲಿ ಕೆಲಸಕ್ಕಿದ್ದವಳು. ಚಹಾಕೋಣೆಯ ಹಿಂದೆ ಬಟ್ಟಲು ತೊಳೆಯುವ, ಕೆಂಡ ಹೊತ್ತಿಸುವ, ಚಹಾಪುಡಿ ಸೋಸಿಡುವ ಇಕ್ಕಟ್ಟಾದ ಜಾಗವೇ ಮಿಜುಯಾ. ಮುಂದಿನ ಕೋಣೆಯಲ್ಲಿ ಗುರುಗಳು ಶಿಷ್ಯೆಯರಿಗೆ ಹೇಗೆ ಬಾಗಬೇಕು, ಬಟ್ಟಲನ್ನು ಎಷ್ಟು ತಿರುಗಿಸಬೇಕು ಎಂದು ಕಲಿಸುತ್ತಿದ್ದರೆ, ಇವಳು ಹಿಂದೆ ಮಂಡಿಯೂರಿ ಒದ್ದೆಬಟ್ಟೆ ಹಿಂಡುತ್ತಿದ್ದಳು. ಹುಡುಗಿಯರು ಕಲಿಯಲು ಬಂದರು, ಮದುವೆಯಾಗಿ ಹೋದರು, ಅವರ ಹೆಣ್ಣುಮಕ್ಕಳು ಬಂದರು. ಇನೆ ನಲವತ್ತಕ್ಕೂ ಹೆಚ್ಚು ವರ್ಷ ಅದೇ ಹಲಗೆಯ ಮೇಲೆ ಮಂಡಿಯೂರಿದ್ದಳು. ಆ ಜಾಗದಲ್ಲಿ ಹಲಗೆ ಸವೆದು ಎರಡು ತಗ್ಗು ಬಿದ್ದಿವೆ.

ನಾನು ಶಿನೊ. ನಮ್ಮದು ಸಿಹಿತಿಂಡಿ ಅಂಗಡಿ. ಸಕ್ಕರೆ, ಅಕ್ಕಿಹಿಟ್ಟು ಕಲಸಿ ಮರದ ಅಚ್ಚಿಗೆ ಒತ್ತಿ ತೆಗೆಯುವ ಒಣ ಮಿಠಾಯಿ ನಮ್ಮ ಕೈಗುಣ. ಪಾಠದ ದಿನ ತಿಂಡಿಯ ಪೆಟ್ಟಿಗೆ ಹಿಡಿದು ಹಿಂಬಾಗಿಲಿಗೆ ಹೋಗುವುದು ನನ್ನ ಪಾಲಿಗೆ ಬಂದ ಕೆಲಸ. ಹಾಗಾಗಿ ಆ ಮನೆಯನ್ನು ಮೂವತ್ತು ವರ್ಷದಿಂದ ನಾನು ಹಿಂದಿನಿಂದಲೇ ನೋಡಿದ್ದೇನೆ. ಮುಂದಿನಿಂದ ನೋಡಿ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ, ಅವರೇ ಬರೆದುಕೊಳ್ಳಲಿ. ಇನೆ ನನಗಿಂತ ಹತ್ತು ವರ್ಷ ದೊಡ್ಡವಳು. ನನಗೆ ಅರವತ್ತೆರಡು ತುಂಬಿದರೂ ಚಿಕ್ಕ ಹುಡುಗಿಯನ್ನು ಕರೆದಂತೆ "ಶಿನೊ-ಚಾನ್" ಎಂದೇ ಕರೆಯುತ್ತಾಳೆ.

ಇನೆಯ ಕೆಲಸಗಳಲ್ಲಿ ದೊಡ್ಡದು ಬೂದಿ. ನವೆಂಬರಿನಲ್ಲಿ ಚಹಾಕೋಣೆಯ ನೆಲದೊಳಗಿನ ಚೌಕ ಒಲೆ ತೆರೆಯುತ್ತಾರಲ್ಲ, ಅಲ್ಲಿಂದ ವಸಂತದವರೆಗೂ ಅತಿಥಿಗಳ ಎದುರಿಗೇ ಇದ್ದಿಲು ಜೋಡಿಸಿ, ಸುತ್ತಲೂ ಚಮಚದಿಂದ ತೇವದ ಬೂದಿ ಉದುರಿಸಬೇಕು. ಆ ಬೂದಿ ಹಾರಕೂಡದು, ಉಂಡೆಗಟ್ಟಲೂ ಕೂಡದು. ಅದನ್ನು ಸಿದ್ಧಮಾಡುವುದು ಬೇಸಿಗೆಯ ಕಡೆಯ ಸುಡುಬಿಸಿಲಿನ ಹದಿನೆಂಟು ದಿನಗಳಲ್ಲಿ ಮಾತ್ರ. ಹಳೆಯ ಬೂದಿಯನ್ನು ತೊಟ್ಟಿಯಲ್ಲಿ ಕಲಕಿ, ತೇಲಿದ ಕಸ ಚೆಲ್ಲಿ, ಚಾಪೆಯ ಮೇಲೆ ಒಣಗಿಸಿ, ಅರೆ ಒಣಗಿದಾಗ ಒರಟು ಚಹಾ ಎಲೆಯ ಕಡು ಕಷಾಯ ಚಿಮುಕಿಸಿ, ಅಂಗೈಯಲ್ಲಿ ತಿಕ್ಕಿ, ಜರಡಿಯಾಡಿ, ಮತ್ತೆ ಒಣಗಿಸಿ, ಮತ್ತೆ ಚಿಮುಕಿಸಬೇಕು. ಕೊನೆಗೆ ಹದ ಬಂದಾಗ ಜಾಡಿಗೆ ತುಂಬಿ ಕಾಗದದ ಪಟ್ಟಿ ಅಂಟಿಸಿ ವರ್ಷ ಬರೆದಿಡುವುದು. ಹಳೆಯದಾದಷ್ಟೂ ಬೂದಿಗೆ ಬೆಲೆ. ಮನೆಗೆ ಬೆಂಕಿ ಬಿದ್ದರೆ ಚಹಾದವರು ಬಟ್ಟಲು ಬಿಟ್ಟು ಬೂದಿ ಎತ್ತಿಕೊಂಡು ಓಡುತ್ತಾರೆ ಎಂದು ನಮ್ಮಲ್ಲಿ ನಗಾಡುತ್ತಾರೆ. ಗುರುಗಳ ಮನೆಯ ತೋಟದಲ್ಲಿ ನೆರಳು ಹೆಚ್ಚು, ಆದ್ದರಿಂದ ಇನೆ ಬೂದಿಯನ್ನು ತನ್ನ ಮನೆಗೆ ಹೊರಿಸಿಕೊಂಡು ಬಂದು ಮಾಡುತ್ತಿದ್ದಳು. ಚಾಪೆ, ತೊಟ್ಟಿ, ದೊಡ್ಡ ಪಾತ್ರೆ ಎಲ್ಲವೂ ಅಲ್ಲಿ ಇದ್ದವು, ಏಕೆಂದರೆ ಅವಳ ಗಂಡ ಗೋಡೆ ಮೆತ್ತುವವನು.

ತೊಕುಜಿ ಹಳೆಯ ಕಾಲದ ಕೆಲಸಗಾರ. ಈಗಿನವರು ಚೀಲ ಹರಿದು ಪುಡಿ ಕಲಸಿ ಗೋಡೆಗೆ ಬಳಿಯುತ್ತಾರೆ. ಅವನಿಗೆ ಅದು ಆಗದು. ಸುಣ್ಣದ ಗಾರೆಗೆ ಕಡಲಪಾಚಿ ಕುದಿಸಿದ ಅಂಟೇ ಬೇಕು. ಬೆಳಿಗ್ಗೆ ಎದ್ದೊಡನೆ ಇನೆ ಒಣಪಾಚಿಯನ್ನು ದೊಡ್ಡ ಪಾತ್ರೆಗೆ ಹಾಕಿ ಕುದಿಸಿ ಸೋಸಿಟ್ಟು, ಆಮೇಲೆ ಗುರುಗಳ ಮನೆಗೆ ಹೊರಡುವಳು. ಸುಣ್ಣದಲ್ಲಿ ಬಿದ್ದು ಬಿದ್ದು ಅವನ ಬೆರಳ ತುದಿಗಳು ಸತ್ತುಹೋಗಿದ್ದವು. ಗಾರೆ ಹದ ಬಂದಿದೆಯೇ ಎಂದು ನೋಡಲು ಮಣಿಕಟ್ಟಿನ ಒಳಮೈಗೆ ಒಂದಿಷ್ಟು ಬಳಿದುಕೊಂಡು, ಅಂಗಡಿಯಲ್ಲಿ ಅತ್ತರು ನೋಡುವ ಹೆಂಗಸಿನ ಹಾಗೆ ತಲೆ ವಾರೆ ಮಾಡಿ ನಿಲ್ಲುತ್ತಿದ್ದ.

"ನೋಡು ಶಿನೊ-ಚಾನ್, ನಮ್ಮ ಯಜಮಾನರು ಶೃಂಗಾರ ಮಾಡ್ಕೋತಿದಾರೆ," ಎಂದು ಇನೆ ಅವನ ಎದುರಿಗೇ ಹಂಗಿಸುತ್ತಿದ್ದಳು.

"ನಗು, ನಗು. ನಿನ್ನ ಬೂದಿ ಗಾಳಿ ಬಂದ್ರೆ ಹೋಗುತ್ತೆ. ನನ್ನ ಗೋಡೆ ನಮ್ಮಿಬ್ಬರನ್ನೂ ಕಳಿಸಿ ನಿಂತಿರುತ್ತೆ," ಎನ್ನುತ್ತಿದ್ದ ತೊಕುಜಿ.

ಗುರುಗಳ ಚಹಾಕೋಣೆಯ ಮಣ್ಣುಗೋಡೆ ಮೆತ್ತಿದವನೂ ಅವನೇ.

ಒಂದು ದಿನ ಸಾರುವೆ ಇಳಿದು ನೀರು ಕುಡಿದು, ಜಗಲಿಯ ಮೇಲೆ ಕೂತವನು ಮೇಲೇಳಲಿಲ್ಲ. ಸುದ್ದಿ ಹೇಳಿದಾಗ ಇನೆ ಮಿಜುಯಾದಲ್ಲಿ ಚಹಾ ಕಡೆಯುವ ಬಿದಿರ ಕುಂಚಗಳನ್ನು ತೊಳೆಯುತ್ತಿದ್ದಳಂತೆ. ಉಳಿದ ಎರಡನ್ನೂ ತೊಳೆದು, ಬುಡ ಕೆಳಗಾಗಿ ನಿಲ್ಲಿಸಿ, ಆಮೇಲೆ ಎದ್ದಳಂತೆ. ಇದೂ ಬೀದಿಗೆ ಬಂತು. ಸ್ಮಶಾನದಲ್ಲಿ ಜೋಡಿ ಕಡ್ಡಿಗಳಿಂದ ಎಲುಬು ಆಯುವಾಗ ಅವಳ ಕೈಯ ಕಡ್ಡಿ ಒಂದಿಷ್ಟೂ ಅಲುಗಲಿಲ್ಲ ಎಂಬುದನ್ನು ನಾನೇ ಕಂಡೆ.

ಒಂದೆರಡು ವಾರ ಬಿಟ್ಟು, ಹಿಂಬಾಗಿಲಲ್ಲಿ ತಿಂಡಿಯ ಪೆಟ್ಟಿಗೆ ಕೊಡುತ್ತಾ ನಾನು ಕೇಳಿಯೇಬಿಟ್ಟೆ. ನನ್ನ ನಾಲಿಗೆಗೆ ಮೂಳೆಯಿಲ್ಲ.

"ಇನೆಸಾನ್, ನಿಮಗೆ ಅಳು ಬರಲ್ವಾ?"

ಅವಳು ಪೆಟ್ಟಿಗೆಯ ಮುಚ್ಚಳ ತೆಗೆದು ತಿಂಡಿ ಎಣಿಸಿದಳು. "ಕಾಯ್ತಾ ಇದೀನಿ," ಎಂದಳು. "ಬರುತ್ತೆ ಅಂತ ಎಲ್ಲರೂ ಹೇಳ್ತಾರೆ. ಬಂದಿಲ್ಲ. ಹಸಿವೂ ಇಲ್ಲ, ನಿದ್ದೆಗೆಟ್ಟೂ ಇಲ್ಲ. ಇವತ್ತು ಒಂದು ತಿಂಡಿ ಜಾಸ್ತಿ ಇದೆ ನೋಡು."

ಆ ಬೇಸಿಗೆಯ ಬೂದಿ ಜಾಡಿಗೆ ಬಿತ್ತು. ಗುರುಗಳ ಮನೆಯ ಕಪಾಟಿಗೂ ಬಂತು. ಆದರೆ ನವೆಂಬರಿನಲ್ಲಿ ಇನೆ ಅದನ್ನು ತೆರೆಯಲಿಲ್ಲ, ಹಿಂದಿನ ವರ್ಷದ ಉಳಿಕೆಯನ್ನೇ ತೆಗೆದಳು. "ಅದು ಇನ್ನೂ ಹಳೆಯದಾಗಲಿ," ಎಂದಳು. ಮುಂದಿನ ವರ್ಷವೂ ಅದೇ ಮಾತು, ಅದರ ಮುಂದಿನ ವರ್ಷವೂ ಅದೇ. ಹೊಸ ಜಾಡಿಗಳು ಬಂದು ಖಾಲಿಯಾದವು. ಆ ಒಂದು ಜಾಡಿ ಮಾತ್ರ ಹಿಂದಿನ ಸಾಲಿಗೆ ಸರಿದು ಅಲ್ಲೇ ಉಳಿಯಿತು. ಒಳ್ಳೆಯ ಬೂದಿಯನ್ನು ಕೂಡಿಡುತ್ತಿದ್ದಾಳೆ ಎಂದು ಗುರುಗಳಿಗೆ ಒಳಗೊಳಗೇ ಹೆಮ್ಮೆ.

ತೊಕುಜಿ ಸತ್ತ ಮೂರನೆಯ ವಸಂತದಲ್ಲಿ ನಾನು ಒಂದು ಸಂಗತಿ ಕಂಡೆ. ಕೆಟಲಿನ ಕಬ್ಬಿಣದ ಮುಚ್ಚಳ ಕೆಂಡದ ಪಕ್ಕದಲ್ಲಿತ್ತು. ಇನೆ ಅದನ್ನು ಬರಿಗೈಯಲ್ಲಿ ಎತ್ತಿಕೊಂಡು ನನ್ನ ಜೊತೆ ಮಾತಾಡುತ್ತಾ ನಿಂತಳು. ಚೆರ್ರಿ ಹೂವಿನ ತಿಂಡಿಗೆ ಈ ಸಲ ಬಣ್ಣ ಜಾಸ್ತಿಯಾಗಿದೆ ಎಂದು ಬೈಯುತ್ತಿದ್ದಳು. ನನಗೆ ಚರ್ಮ ಸುಟ್ಟ ವಾಸನೆ ಬಂತು.

"ಅಯ್ಯೋ, ಬಿಡ್ರೀ! ಕೈ ಬಿಡಿ!"

ಅವಳು ಕೈ ನೋಡಿಕೊಂಡಳು. ಮುಚ್ಚಳವನ್ನು ಸದ್ದಾಗದ ಹಾಗೆ ಕೆಳಗಿಟ್ಟಳು. ಎರಡು ಬೆರಳ ಮೇಲೆ ಬೆಳ್ಳಗೆ ಬೊಬ್ಬೆ ಎದ್ದಿದ್ದವು. ಅವಳ ಮುಖದಲ್ಲಿ ನೋವಿನ ಗೆರೆಯೇ ಇಲ್ಲ.

"ಎಷ್ಟು ದಿನದಿಂದ ಹೀಗೆ?"

"ಚಳಿಗಾಲದಿಂದ. ಕತ್ತಿನ ಮೂಳೆ ಹತ್ರ ನರ ಒತ್ತಿಕೊಂಡಿದೆಯಂತೆ, ಡಾಕ್ಟರು ಹೇಳಿದ್ರು. ವಾಸಿಯಾಗಲ್ಲ. ಮೊದಲು ಒಳಗೆ ಮರಗಟ್ಟಿತು, ಈಗ ಬೆರಳಿಗೂ ಬಂತು, ಅಷ್ಟೇ." ಆಮೇಲೆ ನನ್ನ ತೋಳು ಹಿಡಿದುಕೊಂಡಳು. "ಶಿನೊ-ಚಾನ್, ಇಲ್ಲಿ ಯಾರಿಗೂ ಹೇಳ್ಬೇಡ. ಬೂದಿ ತಪ್ಪಿಹೋದ್ರೆ ನನಗೆ ಏನೂ ಉಳಿಯಲ್ಲ."

ಅವಳ ಹೆದರಿಕೆ ಸುಳ್ಳಾಗಿರಲಿಲ್ಲ. ಗುರುಗಳಿಗೆ ಎಂಬತ್ತನಾಲ್ಕು. ಸೊಸೆ ರಿತ್ಸುಕೊ ಮನೆ ನೋಡಿಕೊಳ್ಳುವವಳು, ಒಳ್ಳೆಯ ಹೆಂಗಸೇ, ಆದರೆ ಮರದ ಮನೆಯಲ್ಲಿ ಅತ್ತೆ ಕೆಂಡ ಇಟ್ಟುಕೊಂಡು ಕೂರುವುದು ಅವಳಿಗೆ ಆಗದು. ಎಷ್ಟೋ ಮನೆಗಳಲ್ಲಿ ಈಗ ಕರೆಂಟಿನ ಒಲೆ ಬಂದಿದೆ. ನೆಲದ ಚೌಕದೊಳಗೆ ಕೂರಿಸಿ ಗುಂಡಿ ಒತ್ತಿದರೆ ಕೆಂಪಗಾಗುತ್ತದೆ. ಅದರ ಚಿತ್ರವನ್ನು ರಿತ್ಸುಕೊ ಎರಡು ವರ್ಷದಿಂದ ಅತ್ತೆಗೆ ತೋರಿಸುತ್ತಿದ್ದಳು. "ಇನೆಯ ಬೂದಿ ಇರೋವರೆಗೂ ಬೇಡ," ಎಂದು ಗುರುಗಳು ಪ್ರತಿಸಲ ಅದನ್ನು ಮಡಚಿ ಹಿಂದಕ್ಕೆ ಕೊಡುತ್ತಿದ್ದರು.

ನಾನು ಯೋಚಿಸಿದೆ. ಬೂದಿಯ ಹದ ಎಂದರೇನು? ಮುಷ್ಟಿ ಕಟ್ಟಿದರೆ ಉಂಡೆಯಾಗಬೇಕು, ಬೆರಳು ತಾಗಿದರೆ ಉದುರಬೇಕು. ನಮ್ಮ ಮಿಠಾಯಿಯ ಸಕ್ಕರೆಗೂ ಅದೇ ಹದ. ಹತ್ತೊಂಬತ್ತನೆಯ ವಯಸ್ಸಿನಿಂದ ನಾನು ಮಾಡಿಕೊಂಡು ಬಂದಿರುವುದು ಇನ್ನೇನು?

"ನಿಮ್ಮ ಬೆರಳು ನಾನಾಗ್ತೀನಿ ಬಿಡಿ," ಎಂದೆ ದೊಡ್ಡ ಮನುಷ್ಯಳ ಹಾಗೆ.

ಆ ಬೇಸಿಗೆ ಮಧ್ಯಾಹ್ನದ ಹೊತ್ತು ಅಂಗಡಿಯಿಂದ ಕದ್ದು ಹೋಗಿ ಅವಳ ಅಂಗಳದಲ್ಲಿ ಕೂತೆ. ಅವಳು ಚಿಮುಕಿಸುವುದು, ತಿಕ್ಕುವುದು, ಜರಡಿಯಾಡುವುದು. ನಾನು ಹಿಡಿದು ನೋಡಿ "ಇನ್ನೂ ಬೇಕು" ಎನ್ನುವುದು, "ಸಾಕು" ಎನ್ನುವುದು. ಬೂದಿ ಚೆನ್ನಾಗಿಯೇ ಬಂತು. ಗುರುಗಳು ಹೊಗಳಿದರು. ಇನೆ ಹಿಂಬಾಗಿಲಲ್ಲಿ ನನಗೆ ಬಾಗಿ ನಮಸ್ಕರಿಸಿದಾಗ ಜಂಬದಿಂದ ನನ್ನ ತಲೆ ತಿರುಗಿಬಿಟ್ಟಿತು, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಮರುವರ್ಷ ಕೆಟ್ಟಿತು. ಆ ಹದಿನೆಂಟು ದಿನಗಳು ಬರುವುದು ಪಿತೃಗಳ ಹಬ್ಬಕ್ಕೆ ಸ್ವಲ್ಪ ಮೊದಲು. ಎಡೆಗೆ ಇಡುವ ತಾವರೆ ಮಿಠಾಯಿಗೆ ಊರೆಲ್ಲ ನಮ್ಮ ಅಂಗಡಿಗೆ ಮುಗಿಬಿದ್ದಿರುತ್ತದೆ. ಬೆಳಗಿನಿಂದ ಸಕ್ಕರೆಯಲ್ಲಿ ಅದ್ದಿದ ಕೈಯನ್ನು ತೊಳೆದುಕೊಂಡು ಓಡಿ, ಬೂದಿ ಹಿಡಿದು, "ಸಾಕು, ತುಂಬಿ" ಎಂದೆ.

"ಸ್ವಲ್ಪ ಒಣಕಲು ಅನ್ನಿಸಲ್ವಾ?" ಎಂದಳು ಇನೆ. "ಜರಡಿ ಸದ್ದು ಬೇರೆ ಥರ ಇದೆ."

"ಸದ್ದು ಕೇಳಿ ಹದ ನೋಡ್ತಾರಾ ಯಾರಾದ್ರೂ? ನನ್ನ ಬೆರಳು ಹೇಳ್ತಿದೆ, ತುಂಬಿ."

ಅವಳು ತುಂಬಿದಳು. ಸಕ್ಕರೆ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ, ಅದಕ್ಕೆ ನಾವು ಒಂದು ಚೂರು ಕಡಿಮೆ ತೇವ ಬಿಡುತ್ತೇವೆ. ಬೂದಿ ಹಾಗಲ್ಲ. ನನ್ನ ಬೆರಳು ಹೇಳಿದ್ದು ಸಕ್ಕರೆಯ ಹದ. ಆ ಹೊತ್ತಿನಲ್ಲಿ ನನಗೆ ಅದು ಹೊಳೆಯಲೇ ಇಲ್ಲ.

ನವೆಂಬರಿನ ಒಲೆ ತೆರೆಯುವ ದಿನ ಐದು ಜನ ಅತಿಥಿಗಳು. ಬೆಂಕಿಯ ಕಾಟ ತಾಗದಿರಲಿ ಎಂದು ತಿನ್ನುವ ಹಂದಿಮರಿಯಾಕಾರದ ಅಂಟಕ್ಕಿಯ ಮೋಚಿ ಸಿಹಿ ಹೊತ್ತು ನಾನು ಮಿಜುಯಾದಲ್ಲಿ ಇನೆಯ ಪಕ್ಕ ಕೂತಿದ್ದೆ. ಸರಿಸುವ ಬಾಗಿಲು ಬೆರಳಗಲ ತೆರೆದಿತ್ತು. ಗುರುಗಳು ಇದ್ದಿಲು ಜೋಡಿಸಿ, ಬೂದಿಯ ಬಟ್ಟಲಿಗೆ ಚಮಚ ಹಾಕಿ, ಒಲೆಯ ಅಂಚಿಗೆ ಮೊದಲ ಸಲ ಉದುರಿಸಿದರು. ಬೂದಿ ಬೀಳಲಿಲ್ಲ. ಎದ್ದಿತು. ಒಲೆಯ ಬಿಸಿಗೆ ಮೇಲಕ್ಕೇರಿ, ಕರಿ ಅರಗಿನ ಚೌಕಟ್ಟಿನ ಮೇಲೆ, ಗುರುಗಳ ತೋಳಿನ ಮೇಲೆ, ಮುಖ್ಯ ಅತಿಥಿಯ ಹುಬ್ಬಿನ ಮೇಲೆ ಕೂತಿತು. ಗುರುಗಳು ಕೈ ನಿಲ್ಲಿಸದೆ ಎರಡನೆಯ ಚಮಚ ಹಾಕಿದರು, ಮೂರನೆಯದನ್ನೂ ಹಾಕಿದರು.

ನಮ್ಮಲ್ಲಿ ಆ ಕೋಣೆಯೊಳಗೆ ಕುಂದು ಎತ್ತುವ ಪದ್ಧತಿ ಇಲ್ಲ. ಮುಖ್ಯ ಅತಿಥಿ ಹೇಳಬೇಕಾದ್ದನ್ನು ಹೇಳಲೇಬೇಕು. ಹುಬ್ಬಿನ ಮೇಲೆ ಬೂದಿ ಇಟ್ಟುಕೊಂಡು ಆ ಹೆಂಗಸು ನೆಲಕ್ಕೆ ಕೈಯೂರಿ, "ಬೂದಿ ಬಲು ಸೊಗಸಾಗಿದೆ" ಎಂದಳು.

ಪಕ್ಕದಲ್ಲಿ ಇನೆ ಒದ್ದೆಬಟ್ಟೆ ಹಿಂಡುತ್ತಿದ್ದಳು. ನೀರು ನಿಂತ ಮೇಲೂ ಹಿಂಡುತ್ತಲೇ ಇದ್ದಳು.

ಅತಿಥಿಗಳು ಹೋದ ಮೇಲೆ ಗುರುಗಳು ಮಿಜುಯಾಕ್ಕೆ ಬಂದರು. ಹಿಂದೆಯೇ ರಿತ್ಸುಕೊ. ಗುರುಗಳು ನಿಂತೇ ಮಾತಾಡಿದರು.

"ಇದು ನಿನ್ನ ಕೈಯ ಬೂದಿ ಅಲ್ಲ."

"ನನ್ನದೇ, ಗುರುಗಳೇ."

"ನಲವತ್ತು ವರ್ಷ ನಿನ್ನ ಬೂದಿ ಮುಟ್ಟಿದೀನಿ. ಸುಳ್ಳು ಹೇಳೋದಾದ್ರೆ ಹೊಸಬರ ಹತ್ರ ಹೇಳು."

ನಾನು ಮುಂದಕ್ಕೆ ಸರಿದೆ. "ನನ್ನ ಕೈ, ಗುರುಗಳೇ," ಎಂದೆ. "ಇನೆಸಾನ್ ಒಣಕಲು ಅಂದ್ರು. ನಾನೇ ಕೇಳ್ಲಿಲ್ಲ. ಸಕ್ಕರೆ ಹದಕ್ಕೆ ಸಾಕು ಅಂದುಬಿಟ್ಟೆ."

"ಸಿಹಿತಿಂಡಿಯವಳು ನನ್ನ ಬೂದಿಗೆ ಯಾಕೆ ಕೈ ಹಾಕಿದಳು?"

ಅದಕ್ಕೆ ಇನೆ ಎರಡೂ ಕೈ ಮುಂದೆ ಚಾಚಿ ತೋರಿಸಿದಳು. ಸುಟ್ಟ ಕಲೆಗಳು ಹಳೆಯವು, ಹೊಸವು, ಎಷ್ಟೊಂದು. ನನಗೆ ಗೊತ್ತಿದ್ದುದು ಒಂದೇ.

ರಿತ್ಸುಕೊ ಬಾಯಿಗೆ ಕೈ ಅಡ್ಡ ಹಿಡಿದಳು. "ಅತ್ತೆ, ಇದಕ್ಕೇ ನಾನು ಹೇಳ್ತಿದ್ದಿದ್ದು. ಪಾಪ, ಇವರಿಗೂ ವಯಸ್ಸಾಯ್ತು. ಕರೆಂಟ್ ಒಲೆ ತರಿಸಿಬಿಡೋಣ. ಇನೆಸಾನ್ ಬಂದು ಆರಾಮಾಗಿ ಕೂತು ಚಹಾ ಕುಡಿದು ಹೋಗ್ಲಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಇನೆ ಅದನ್ನು ಕೇಳಿ ತಲೆ ತಗ್ಗಿಸಿದಳು. ತಾನು ಮುಗಿದೆ ಎಂದು ತಿಳಿದವರು ತಗ್ಗಿಸುವ ಹಾಗೆ.

ಗುರುಗಳು ಕಪಾಟಿನ ಕಡೆ ತಿರುಗಿ ಸೊಸೆಗೆ ಹೇಳಿದರು. "ಹಿಂದಿನ ಸಾಲಿಂದು ಒಂದಿದೆಯಲ್ಲ, ನಾಲ್ಕು ವರ್ಷದ್ದು. ಅದು ಇವಳ ಕೈದೇ. ಅದನ್ನ ತೆಗಿ. ನಾಳೆ ಇನ್ನೊಂದು ಗುಂಪು ಬರುತ್ತೆ."

"ಬೇಡ," ಎಂದಳು ಇನೆ.

ಆ ಮನೆಯಲ್ಲಿ ಅವಳ ಬಾಯಿಂದ ಆ ಮಾತು ಯಾರೂ ಕೇಳಿರಲಿಲ್ಲ. ಗುರುಗಳು ತಾವೇ ಮಂಡಿಯೂರಿ, ಮುಂದಿನ ಖಾಲಿ ಜಾಡಿಗಳನ್ನು ಸರಿಸಿ ಅದನ್ನು ಎಳೆದರು. ಕಾಗದದ ಪಟ್ಟಿಯ ಮೇಲೆ ಇನೆಯ ಅಕ್ಷರದಲ್ಲಿ ವರ್ಷ, ತಿಂಗಳು. ಪಟ್ಟಿ ಹರಿದು ಮುಚ್ಚಳ ತೆಗೆದರು. ನಾನೂ ರಿತ್ಸುಕೊವೂ ಬಗ್ಗಿ ನೋಡಿದೆವು.

ಒಳಗಿದ್ದುದು ಗೋಡೆ. ಕಂದು ಬಣ್ಣದ, ಒಂದು ಬಿರುಕೂ ಇಲ್ಲದ, ನುಣ್ಣಗೆ ಮೆತ್ತಿದ ಗೋಡೆ. ಗುರುಗಳು ಬೆರಳ ಗೆಣ್ಣಿನಿಂದ ಕುಟ್ಟಿದರು, ಟಕ್ ಟಕ್ ಎಂದಿತು. ಮೇಲ್ಮೈಯಲ್ಲಿ ಒಂದೇ ಕಡೆಗೆ ಸಾಗಿದ ಸಣ್ಣ ಸಣ್ಣ ಗೆರೆಗಳಿದ್ದವು. ಅವು ಕರಣೆಯ ಗೆರೆಗಳೆಂದು ಯಾರೂ ಹೇಳಬೇಕಿರಲಿಲ್ಲ.

"ಅವರು ಹೋದ ಬೇಸಿಗೆ, ಬೆಳಿಗ್ಗೆ ಎದ್ದು ಪಾತ್ರೆ ಇಟ್ಟೆ," ಎಂದಳು ಇನೆ. ಅಂಗಡಿಗೆ ಹೋಗಿ ಬಂದದ್ದನ್ನು ಹೇಳುವವಳ ದನಿಯಲ್ಲಿ ಹೇಳಿದಳು. "ಚಹಾ ಎಲೆ ಹಾಕಿದೀನಿ ಅಂತಲೇ ಅಂದ್ಕೊಂಡಿದ್ದೆ. ಕೈ ಪಾಚಿ ಡಬ್ಬಕ್ಕೆ ಹೋಗಿದೆ. ದಿನಾ ಬೆಳಿಗ್ಗೆ ಅದಕ್ಕೇ ತಾನೇ ಹೋಗ್ತಿದ್ದಿದ್ದು. ಕುದಿಸಿದ್ದೂ ಆಯ್ತು, ಸೋಸಿದ್ದೂ ಆಯ್ತು, ಬೂದಿಗೆಲ್ಲ ಚಿಮುಕಿಸಿದ್ದೂ ಆಯ್ತು. ಎರಡೂ ಕಂದುಬಣ್ಣ. ಬೂದಿ ಅಂಟೋಕೆ ಶುರುವಾದಾಗ ಗೊತ್ತಾಯ್ತು."

"ಚೆಲ್ಲಬಹುದಿತ್ತಲ್ಲ ಇನೆಸಾನ್," ಎಂದಳು ರಿತ್ಸುಕೊ ಮೆಲ್ಲಗೆ.

"ಚೆಲ್ಲೋಕೆ ಎತ್ತಿದೆ. ಆಗ್ಲಿಲ್ಲ. ಅವರ ಕರಣೆ ಜಗಲಿ ಮೇಲೇ ಇತ್ತು. ಜಾಡಿಗೆ ತುಂಬಿ, ಮೇಲೆ ಒಂದ್ಸಲ ಎಳೆದೆ. ಚೆನ್ನಾಗಿ ಕೂತಿತು."

ಆ ದಿನ ಬೇಲಿಯಾಚೆ ನಿಂತು ಕಲ್ಲು ಎಂದವರಲ್ಲಿ ನಾನೂ ಇದ್ದೆ. ನನಗೆ ನಾಚಿಕೆಯಾಯಿತು. ಬೇರೆ ಪದ ಹುಡುಕಿಕೊಂಡು ಹೋಗುವುದಿಲ್ಲ.

ಗುರುಗಳು ಮುಚ್ಚಳ ಹಾಕಿದರು. ಅದರ ಮೇಲೆ ಅಂಗೈ ಊರಿದರು. ಆಮೇಲೆ ಸೊಸೆಗೆ ಹೇಳಿದರು, "ಈ ಚಳಿಗಾಲಕ್ಕೆ ನಿನ್ನ ಕರೆಂಟ್ ಒಲೆ ತರಿಸು." ಇನೆಗೆ ಹೇಳಿದರು, "ಬರೋ ವರ್ಷವೂ ಅದೇ ಇರ್ಬೇಕೋ ಬೇಡ್ವೋ, ಈ ಜಾಡಿ ಹೇಳ್ಲಿ. ಇದರಲ್ಲಿ ಸುಣ್ಣ ಇಲ್ಲ, ನೆನೆಸಿದ್ರೆ ಬಿಡುತ್ತೆ. ಬೇಸಿಗೆಗೆ ಒಡೆದು ತೊಳೆದು ಮತ್ತೆ ಬೂದಿ ಮಾಡು. ಹದ ನೀನೇ ನೋಡ್ಬೇಕು. ಬೇರೆಯವರ ಕೈ ನನಗೆ ಬೇಡ."

"ಗುರುಗಳೇ, ನನ್ನ ಬೆರಳಿಗೆ ಏನೂ ಗೊತ್ತಾಗಲ್ಲ."

"ಈ ಕೋಣೆ ಗೋಡೆ ಮೆತ್ತಿದೋನ ಬೆರಳಿಗೆ ಗೊತ್ತಾಗ್ತಿತ್ತಾ?" ಎಂದು ಹೇಳಿ ಗುರುಗಳು ಎದ್ದು ಒಳಗೆ ಹೋದರು.

ಆ ಚಳಿಗಾಲ ಇನೆ ಎಂದಿನ ಹೊತ್ತಿಗೇ ಬಂದಳು. ಬಟ್ಟಲು ತೊಳೆದಳು, ಬಟ್ಟೆ ಹಿಂಡಿದಳು. ಕರೆಂಟ್ ಒಲೆ ಗುಂಯ್ ಎನ್ನುತ್ತಾ ಕೆಂಪಗಿರುತ್ತಿತ್ತು. ಕೆಂಡದ ಕೆಲಸವಿಲ್ಲದ್ದರಿಂದ ಮಧ್ಯೆ ಮಧ್ಯೆ ಮಾಡಲು ಏನೂ ಇರುತ್ತಿರಲಿಲ್ಲ, ಕೈ ಮಡಿಲಲ್ಲಿಟ್ಟುಕೊಂಡು ಎದುರಿನ ಹಲಗೆ ನೋಡುತ್ತಿದ್ದಳು. ನಾನು ಏನಾದರೂ ತಮಾಷೆ ಮಾಡಿದರೆ "ಹೂಂ" ಎನ್ನುವಳು. ಹಿಮ ಬಿದ್ದದ್ದನ್ನು ಹೇಳಿದರೂ "ಹೂಂ". ಬೇಸಿಗೆಯ ಮಾತು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಜುಲೈ ಬಂತು. ಹದಿನೆಂಟು ದಿನಗಳ ಮೊದಲ ಮಧ್ಯಾಹ್ನ ನಾನು ಹೋದಾಗ ಅವಳು ಜಾಡಿಯನ್ನು ತೊಟ್ಟಿಯೊಳಗೆ ಮಗುಚಿ, ಹೆಂಟೆಯ ಮೇಲೆ ನೀರು ಹೊಯ್ದು ಕೂತಿದ್ದಳು. "ಕೈ ಹಾಕ್ಬೇಡ, ಅಲ್ಲಿ ಕೂತ್ಕೋ," ಎಂದಳು. ನಾನು ಜಗಲಿಯ ಮೇಲೆ ಕೈಕಟ್ಟಿಕೊಂಡು ಕೂತೆ. ಹಾಗೆ ಕೂರುವುದು ನನಗೆ ಎಷ್ಟು ಕಷ್ಟ ಎಂದು ನನ್ನ ಗಂಡನನ್ನು ಕೇಳಬೇಕು.

ಹೆಂಟೆ ಎರಡು ದಿನ ನೆನೆಯಿತು. ಆಮೇಲೆ ತೊಳೆದಳು, ಚೆಲ್ಲಿದಳು, ಒಣಗಿಸಿದಳು. ಪಾಚಿಯ ಅಂಟು ಹೋಗಲು ಏಳು ನೀರು ಬೇಕಾಯಿತು. ಈ ಸಲ ಚಹಾ ಎಲೆಯ ಡಬ್ಬವನ್ನು ಕುದಿಸುವ ಮೊದಲು ನನ್ನ ಮೂಗಿಗೆ ಹಿಡಿದು "ಚಹಾನೇ ತಾನೇ?" ಎಂದು ಕೇಳಿದಳು. ನನಗೆ ನಗು ಬಂತು. ಅವಳು ನಗಲಿಲ್ಲ.

ಮುಂದಿನ ನವೆಂಬರಿಗೆ ಕರೆಂಟ್ ಒಲೆ ಅಟ್ಟ ಸೇರಿತು, ಬೂದಿ ಹಾರಲಿಲ್ಲ, ಮುಖ್ಯ ಅತಿಥಿ ಹೋದ ವರ್ಷದ ಮಾತನ್ನೇ ಹೇಳಿದಳು, ಈ ಸಲ ನಿಜವಾಗಿ. ಆದರೆ ನನ್ನ ನೆನಪಿನಲ್ಲಿ ಉಳಿದಿರುವುದು ಅದಲ್ಲ, ಆ ಹದಿನೆಂಟರಲ್ಲಿ ಹನ್ನೊಂದನೆಯ ದಿನ.

ಬಿಸಿಲು ಇಳಿಯುತ್ತಿತ್ತು. ಅವಳು ಜರಡಿಯಾಡಿದ ಬೂದಿಯಿಂದ ಒಂದು ಚಿಟಿಕೆ ತೆಗೆದು, ಎಡಗೈಯ ಮಣಿಕಟ್ಟಿನ ಒಳಮೈಗೆ ಒತ್ತಿಕೊಂಡು ತಲೆ ವಾರೆ ಮಾಡಿದಳು. ನಾನು ತಡೆಯಲಾರದೆ ಜಗಲಿಯಿಂದ ಬಗ್ಗಿ, ಚಾಪೆಯ ಅಂಚಿನಲ್ಲಿ ಬಿದ್ದಿದ್ದನ್ನು ಮುಟ್ಟಿ ನೋಡಿ "ಸಾಕು ಅಲ್ವಾ?" ಎಂದೆ.

"ಇನ್ನೂ ಇಲ್ಲ."

ಮತ್ತೆ ಚಿಮುಕಿಸಿದಳು, ತಿಕ್ಕಿದಳು. ಮತ್ತೆ ಮಣಿಕಟ್ಟಿಗೆ ಒತ್ತಿಕೊಂಡಳು.

"ಈಗ?"

"ಇನ್ನೂ ಇಲ್ಲ."

ಮೂರನೆಯ ಸಲ ಒತ್ತಿಕೊಂಡವಳು ಹಾಗೇ ನಿಂತುಬಿಟ್ಟಳು. ಏಳು ನೀರು ತೊಳೆದರೂ ಎಲ್ಲೋ ಉಳಿದಿದ್ದ ಪಾಚಿಯ ವಾಸನೆ ಆ ತೇವಕ್ಕೆ ಸಣ್ಣಗೆ ಎದ್ದಿತ್ತು, ಜಗಲಿಯವರೆಗೂ ಬಂತು. ಬೆಳಿಗ್ಗೆ ಕೆಲಸಕ್ಕೆ ಹೊರಟ ತೊಕುಜಿ ನಮ್ಮ ಅಂಗಡಿಯ ಮುಂದೆ ಹಾದುಹೋಗುವಾಗ ಬರುತ್ತಿದ್ದ ವಾಸನೆ.

"ತಣ್ಣಗಿದೆ," ಎಂದಳು ಇನೆ. ಮಣಿಕಟ್ಟನ್ನೇ ನೋಡುತ್ತಿದ್ದಳು. "ಶಿನೊ-ಚಾನ್, ತಣ್ಣಗಿದೆ. ಗೊತ್ತಾಗ್ತಿದೆ."

ಆಮೇಲೆ ಅವಳು ಚಾಪೆಯ ಅಂಚಿನಲ್ಲಿ ಕುಸಿದು ಕೂತಳು, ಕಾಯುತ್ತಿದ್ದದ್ದು ಬಂತು. ಐದು ಬೇಸಿಗೆ ತಡವಾಗಿ ಬಂದದ್ದರಿಂದಲೋ ಏನೋ, ಅವಳಿಗೆ ಅದನ್ನು ತಡೆಯುವ ದಾರಿಯೇ ಗೊತ್ತಿರಲಿಲ್ಲ. ಮಗುವಿನ ಹಾಗೆ ಬಾಯಿ ತೆರೆದು ಅತ್ತಳು. ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಚಿಪ್ಪುಮೀನಿನವಳು ಬೇಲಿಯ ಹತ್ತಿರ ಬಂದವಳು ನನ್ನ ಮುಖ ನೋಡಿ ಸದ್ದಿಲ್ಲದೆ ಹಿಂದಕ್ಕೆ ಹೋದಳು. ಇನೆಯ ಕಣ್ಣೀರು ಗಲ್ಲದಿಂದ ಇಳಿದು ಹದಕ್ಕೆ ಬಂದಿದ್ದ ಬೂದಿಯ ಮೇಲೆ ಬಿದ್ದು ತೂತು ಕೊರೆಯುತ್ತಿತ್ತು.

ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ತಿಳಿಯದಿದ್ದಾಗ ನಾನು ಬೈಯುತ್ತೇನೆ.

"ಇನೆಸಾನ್, ಆ ಕಡೆ ತಿರುಗಿ ಅಳ್ರೀ. ಬೂದಿ ಒದ್ದೆ ಆಗ್ತಿದೆ."

"ಆಗ್ಲಿ," ಎಂದಳು ಇನೆ ಮೂಗು ಒರೆಸದೆ. "ನಾಳೆ ಬಿಸಿಲಿದೆ."